ಕ್ಯಾನಿನೊಳಗಿನ ಕ್ಲೋರೋಫಾರ್ಮ್

ಶುಕ್ರವಾರ ಬೆಳಗ್ಗೆ ಒಂಬತ್ತಕ್ಕೆ ಲಕಮನಹಳ್ಳಿಯ ಔಷಧಿ ಕಾರ್ಖಾನೆಯಲ್ಲಿ ಕಪಾಟು ತೆಗೆದರು. ಬಾಟಲಿ ಇತ್ತು. ಒಳಗಿನ ಪುಡಿ ಇರಲಿಲ್ಲ.

ನೂರೈವತ್ತು ಗ್ರಾಂ. ಲಾರಿಗಟ್ಟಲೆ ಸದಾಪುಷ್ಪದ ಎಲೆಯಿಂದ ತಿಂಗಳುಗಟ್ಟಲೆ ಕೂತು ಬೇರ್ಪಡಿಸಿದ್ದು. ಮಕ್ಕಳ ರಕ್ತದ ಕ್ಯಾನ್ಸರಿಗೆ ಇದರಿಂದಲೇ ಇಂಜೆಕ್ಷನ್ ಆಗಬೇಕಿತ್ತು.

ಕೀಲಿ ಇದ್ದದ್ದು ಇಬ್ಬರ ಬಳಿ. ಒಬ್ಬರು ಲ್ಯಾಬಿನ ಮುಖ್ಯಸ್ಥ ಮಿಲಿಂದ. ದೂರು ಕೊಟ್ಟವರೂ ಅವರೇ. ಇನ್ನೊಬ್ಬ ಆಪರೇಟರ್ ಮೋಸೆಸ್. ಹನ್ನೊಂದಕ್ಕೆ ಅಲ್ಲೇ ಮೋಸೆಸ್ ಕೈಗೆ ಬೇಡಿ ಬಿತ್ತು; ಪೇದೆಯೊಬ್ಬ ಕಾವಲಿಗೆ ನಿಂತ.

ಆದರೂ ಸಬ್ ಇನ್‌ಸ್ಪೆಕ್ಟರ್ ಸುಮಲತಾಗೆ ಕೂರಲಾಗಲಿಲ್ಲ. ಗೇಟಿನಲ್ಲಿ ಎಲ್ಲರನ್ನೂ ತಡಕಿ ನೋಡಿಯೇ ಬಿಡುತ್ತಾರೆ. ಊಟದ ಡಬ್ಬಿಯನ್ನೂ ತೆರೆಸುತ್ತಾರೆ. ಪುಡಿ ಹೊರಗೆ ಹೋದದ್ದು ಹೇಗೆ?

"ನಿನ್ನಿ ಗೇಟ್ ದಾಟಿ ಏನೇನ್ ಹೋಗೇತಿ?" ಮೋಸೆಸ್‌ನನ್ನು ಕೇಳಿದಳು.

"ಮಂದಿ ಹೋದ್ರು. ಎಲಿ ಸಾರ ತಗಿಯಾಕ ಬಳಸಿದ ವೇಸ್ಟ್ ಕ್ಲೋರೋಫಾರ್ಮ್ ಹೋತು. ಬ್ಯಾರೆ ಏನಿಲ್ರಿ."

"ಅದು ದಿನಾ ಹೋಗ್ತೈತೇನು?"

"ಇಲ್ರಿ, ಶನಿವಾರ..." ಮೋಸೆಸ್ ತಡೆದ. "ನಿನ್ನಿ ಗುರುವಾರ ಅಲ್ಲೇನ್ರಿ ಮೇಡಂ?"

* * *

ವೇಸ್ಟನ್ನು ರಾಯಾಪುರದ ವಿಲೇವಾರಿ ಘಟಕಕ್ಕೆ ಒಯ್ಯುವ ಗಾಡಿ ಕಾಸಿಮಸಾಬನದು. ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಜೀಪು ಹಿಡಿಸಲಿಲ್ಲ. ಸುಮಲತಾ ಇಳಿದು ಬಿರಬಿರನೆ ನಡೆದಳು.

"ಲ್ಯಾಬಿಂದ ಫೋನ್ ಬಂತ್ರಿ," ಎಂದ ಕಾಸಿಮಸಾಬ. "ಈ ಸಲ ಲಗೂನ ಒಯ್ಯಿ ಅಂದ್ರು. ನೀಲಿ ಕ್ಯಾನ್ ಒಂದು ರಾಯಾಪುರಕ್ಕ ಇಳಸಬ್ಯಾಡ, ನಿನ್ನ ಕಡೆ ಇರಲಿ, ಮನಶ್ಯಾ ಬರ್ತಾನ ಅಂದ್ರು."

"ಯಾರ ದನಿ?"

"ಹಿಂದ ಮಿಶನ್ ಸಪ್ಪಳ ಭಾಳ ಇತ್ರಿ. ಗುರ್ತು ಹತ್ತಲಿಲ್ಲ. ಮನಶ್ಯಾ ಇನ್ನೂ ಬಂದಿಲ್ರಿ, ಕ್ಯಾನ್ ಇಲ್ಲೇ ಐತಿ."

ಮಿಶನ್ ಪಕ್ಕದ ಫೋನು. ಮೋಸೆಸ್ ಕೂರುವ ಜಾಗ. ಸುಮಲತಾ ತುಟಿ ಕಚ್ಚಿದಳು.

ಕ್ಯಾನಿನಿಂದ ಒಂದು ಬಾಟಲಿ ತುಂಬಿಸಿ, ಸೀಲ್ ಮಾಡಿ ಸರ್ಕಾರಿ ಲ್ಯಾಬಿಗೆ ಕಳಿಸಿದಳು. ವರದಿಗೆ ದಿನಗಟ್ಟಲೆ ಬೇಕು. ಅಷ್ಟು ತಾಳ್ಮೆ ಅವಳಿಗಿರಲಿಲ್ಲ. ಕ್ಯಾನನ್ನು ಜೀಪಿಗೇರಿಸಿ ನೇರ ಕಾರ್ಖಾನೆಗೆ ಬಂದಳು.

* * *

"ಇದರಾಗ ಪುಡಿ ಕರಗೇತೇನು ನೋಡ್ರಿ," ಎಂದಳು ಮಿಲಿಂದರಿಗೆ.

ಮಿಲಿಂದ ಕೆಳಗೆ ನಲ್ಲಿಯಿರುವ ಗಾಜಿನ ಆಲಿಕೆ ತೆಗೆದುಕೊಂಡರು. ಕ್ಯಾನಿನ ದ್ರವ ಸುರಿದರು. ಅದರ ಮೇಲೆ ನೀರು. ಕುಲುಕಿ ನಿಲ್ಲಿಸಿದರು. ಎರಡು ಪದರ ಬೇರೆಯಾದವು: ಭಾರದ ಕ್ಲೋರೋಫಾರ್ಮ್ ಕೆಳಗೆ, ನೀರು ಮೇಲೆ. ಕೆಳಗಿನದನ್ನು ನಲ್ಲಿ ತಿರುವಿ ಇಳಿಸಿದರು. ಉಳಿದ ನೀರಿಗೆ ಅಮೋನಿಯಾ ಹನಿಸಿದರು.

ನೀರು ತಿಳಿಯಾಗಿಯೇ ಇತ್ತು.

"ಏನೂ ಇಲ್ಲರಿ. ಬರೇ ಹೊಲಸು ಕ್ಲೋರೋಫಾರ್ಮ್ ಅದ. ಚೆಲ್ಲಿಸಿಬಿಡ್ರಿ."

"ಸಾಹೇಬ್ರ!" ಬಾಗಿಲಲ್ಲಿ ಪೇದೆಯ ಜೊತೆ ನಿಂತಿದ್ದ ಮೋಸೆಸ್ ಕೂಗಿದ. "ಆ್ಯಸಿಡ್ ಹಾಕೂದ ಬಿಟ್ರೆಲ್ಲಾ!"

ಮೋಸೆಸ್ ಸುಮಲತಾಳತ್ತ ತಿರುಗಿದ.

"ಬರೇ ನೀರಿಗೆ ಪುಡಿ ಬರೂದಿಲ್ರಿ ಮೇಡಂ. ಕ್ಲೋರೋಫಾರ್ಮ್‌ನ್ಯಾಗ ಉಳೀತೈತಿ. ನೀರು ಹುಳಿ ಮಾಡಿದ್ರ ಮ್ಯಾಲೆ ಏರ್ತೈತಿ. ಆಮ್ಯಾಲೆ ಅಮೋನಿಯಾ ಹಾಕಿದ್ರ ಬೆಳ್ಳಗ ಕಾಣ್ತೈತಿ."

"ಬೇಡಿ ಬಿಚ್ರಿ," ಎಂದಳು ಸುಮಲತಾ. "ನೀವ ಮಾಡ್ರಿ."

ಮೋಸೆಸ್ ಆಲಿಕೆ ತೊಳೆದ. ಅದೇ ಕ್ಯಾನಿನ ದ್ರವ ತುಂಬಿದ. ನೀರಿಗೆ ಆ್ಯಸಿಡ್ ಬೆರೆಸಿ ಸುರಿದ. ಕುಲುಕಿದ. ಪದರ ಬೇರೆಯಾಗಲು ಕಾದ. ಕ್ಲೋರೋಫಾರ್ಮ್ ಇಳಿಸಿ, ಮೇಲಿನ ನೀರನ್ನು ಬೀಕರಿಗೆ ತೆಗೆದು ಅಮೋನಿಯಾ ಹನಿಸಿದ.

ಒಂದು ಹನಿ. ಎರಡು. ಹತ್ತು.

ನೀರೆಲ್ಲ ಮಜ್ಜಿಗೆಯಂತೆ ಬೆಳ್ಳಗಾಯಿತು.

"ಗಡಿಬಿಡಿಯೊಳಗ ಮರತೆ," ಎಂದರು ಮಿಲಿಂದ.

"ಇವರಿಗೆ ಈ ಕೆಲಸ ಕಲಿಸಿದವರು ಯಾರು?" ಸುಮಲತಾ ಮೋಸೆಸ್‌ನತ್ತ ಕೈ ತೋರಿಸಿ ಕೇಳಿದಳು.

"ಸಾಹೇಬ್ರ ಕಲಿಸಿದ್ರಿ," ಎಂದ ಮೋಸೆಸ್ ಮೆಲ್ಲಗೆ. "ಹದಿನಾಲ್ಕು ವರ್ಷ ಆತು."

ಸುಮಲತಾ ಮಿಲಿಂದರ ಎದುರು ನಿಂತಳು. "ಗೇಟಿನ್ಯಾಗ ಪುಡಿ ಹುಡುಕ್ತಾರ, ವೇಸ್ಟ್ ಮೂಸಿ ನೋಡೂದಿಲ್ಲ. ಅದಕ್ಕ ಕರಗಿಸಿ ಕಳಿಸೀರಿ. ಮೋಸೆಸ್ ಪಕ್ಕದ ಫೋನ್ ಹಿಡದ್ರಿ, ಆಪಾದನೆ ಅವರ ಮ್ಯಾಲೆ ಬರ್ಲಿ ಅಂತ. ಈಗ ನೀರು ತಿಳಿಯಾಗಿ ನಿಂತಿದ್ರ ಕ್ಯಾನ್ ಯಾರಿಗೂ ಬ್ಯಾಡಾಗತಿತ್ತು. ಕಳ್ಳಗ ಬೇಕಾದದ್ದ ಅದು. ಮೋಸೆಸ್ ಕಳ್ಳ ಆಗಿದ್ರ ಬಾಯಿ ಮುಚ್ಚಿಕೊಂಡು ನಿಲ್ತಿದ್ರು. ಅವರು ಒದರಿದ್ರು."

ಮಿಲಿಂದ ಸ್ಟೂಲಿನ ಮೇಲೆ ಕೂತರು. "ಬ್ಯಾರೆ ಕಂಪನಿಯವರು ಕೇಳಿದ್ರು," ಎಂದರು. ಪೇದೆ ಅವರ ತೋಳು ಹಿಡಿದ.

"ತಪ್ಪಾತು," ಎಂದಳು ಸುಮಲತಾ ಮೋಸೆಸ್‌ಗೆ. "ಮನಿಗೆ ನಡೀರಿ, ಬಿಟ್ಟು ಬರ್ತೇನಿ."

ಮೋಸೆಸ್ ಕದಲಲಿಲ್ಲ. ಆಲಿಕೆಯಿಂದ ಇಳಿಸಿದ ಕ್ಲೋರೋಫಾರ್ಮ್ ತೋರಿಸಿದ.

"ಒಮ್ಮಿಗೆ ಪೂರಾ ಬರೂದಿಲ್ರಿ. ಇದರಾಗ ಇನ್ನೂ ಔಷಧಿ ಐತಿ. ಎರಡು ಸಲ ತೊಳದ ಬರ್ತೇನಿ, ನಿಂದರ್ರಿ."