ಖಡಕ್ ರೊಟ್ಟಿಯ ಸಾಲು

ಗುಬ್ಬಿ ಇರಲಿಲ್ಲ. ಹತ್ತಿಮತ್ತೂರಿನ ಹೇಮಾಳ ಪಡಸಾಲೆಯ ಮೂಲೆಯಲ್ಲಿ ಅದು ಮಲಗುವ ಕೌದಿಯಷ್ಟೇ ಬಿದ್ದಿತ್ತು.

ಗುಬ್ಬಿ ಎಂದರೆ ನಾವು ಸವಣೂರು ರಸ್ತೆಯಿಂದ ಎತ್ತಿ ತಂದ, ಮನುಷ್ಯರ ನೆರಳಿಗೂ ನಡುಗುವ ನಾಯಿ. ಹೇಮಾ ಇಂಥವನ್ನು ಮನೆಯಲ್ಲಿಟ್ಟುಕೊಂಡು ಹೆದರಿಕೆ ಬಿಡಿಸುತ್ತಾಳೆ. ಆಮೇಲೆ ನಾವು ಒಳ್ಳೆಯ ಮನೆ ಸೇರಿಸುತ್ತೇವೆ. ಗುಬ್ಬಿಯನ್ನು ಒಯ್ಯಲು ಅಂದೇ ಮಧ್ಯಾಹ್ನ ಹಿರೇಕೆರೂರಿನಿಂದ ಒಬ್ಬರು ಬರುವವರಿದ್ದರು. ಈಗ ಅವರಿಗೆ ಏನು ಹೇಳಲಿ, ನನ್ನ ತಲೆಯೇ?

"ನಾಯಿ ಕಳೆದವರಿಗೆ ಇನ್ನೊಂದು ಕೊಡಂಗಿಲ್ಲ. ಗೊತ್ತೈತಲ್ಲ?" ಎಂದೆ. ಆ ನಿಯಮ ನನ್ನದೇ.

"ಹಂಗನ್ನಬ್ಯಾಡ್ರಿ ಸುನಿತಕ್ಕ," ಎಂದು ಹೇಮಾ ಅತ್ತಳು. ನನಗೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚಿತ್ತು.

ನನ್ನ ಜೊತೆಗೆ ನಮ್ಮ ತಂಡದ, ಹುಲಗೂರಿನ ಕುಲಸುಮಬಿ ಇದ್ದರು. ಪೊಲೀಸ್ ಕೆಲಸದಿಂದ ನಿವೃತ್ತರಾದವರು, ಮಾತು ಕಡಿಮೆ.

"ಇಲ್ನೋಡ್ರಿ," ಎಂದ ಹೇಮಾಳ ಗಂಡ ಹಾಲೇಶ. ಬಾಗಿಲಿನಿಂದ ನೆರೆಮನೆಯ ವೀರವ್ವನ ಬೇಲಿಯವರೆಗೆ ಖಡಕ್ ರೊಟ್ಟಿಯ ಚೂರುಗಳು ಸಾಲಾಗಿ ಬಿದ್ದಿದ್ದವು. "ರೊಟ್ಟಿ ತೋರಿಸಿ ಕರಕೊಂಡು ಹೋಗ್ಯಾಳ ಮುದುಕಿ. ದಿನಾ ಬೈತಿದ್ಲು."

ವೀರವ್ವ ಬೇಲಿಯಾಚೆಯಿಂದಲೇ ಹರಿಹಾಯ್ದಳು. "ಹೂನ್ರಿ, ಬೈತಿದ್ದೆ. ನನ್ನ ಮನ್ಯಾಗ ರೊಟ್ಟಿ ಮುರದ್ರ ಇವರ ನಾಯಿ ಅಳತೈತಿ. ಎರಡು ತಿಂಗಳಾತು, ಹಲ್ಲು ಗಟ್ಟಿ ಇದ್ರೂ ರೊಟ್ಟಿ ನೆನಸಿ ತಿನ್ನಾಕತ್ತೇನಿ. ಇವತ್ತ ತೊಲಗೋ ಪೀಡಾನ ನಾ ಯಾಕ ಕದೀಲಿ?"

"ಸುಳ್ಳು ಹೇಳಬ್ಯಾಡ. ಪೊಲೀಸರಿಗೆ ಕೊಡ್ತೇನಿ," ಎಂದು ಹಾಲೇಶ ಮುನ್ನುಗ್ಗಿದ. ನನಗೂ ಮುದುಕಿಯ ಮೇಲೇ ಗುಮಾನಿ.

ಕುಲಸುಮಬಿ ಹೇಮಾಳತ್ತ ತಿರುಗಿದರು. "ಗುಬ್ಬಿಗೆ ಹೆಂಗ ಉಣಸ್ತೀ?"

"ಬೆನ್ನು ತಿರುಗಿಸಿ ಕುಂದ್ರತೇನ್ರಿ. ಹಾಲಿನಾಗ ನೆನಸಿದ ರೊಟ್ಟಿ ಹಿಂದ ಇಡತೇನಿ. ತಾನ ಬಂದು ತಿಂತೈತಿ."

"ನೀ ಎಂದರ ಉಣಿಸೀಯೇನಪಾ, ಹಾಲೇಶ?"

"ನನಗೇನ್ ಬ್ಯಾರೆ ಕೆಲಸ ಇಲ್ಲೇನ್ರಿ?"

ಕುಲಸುಮಬಿ ಅಡುಗೆಮನೆಯಿಂದ ಒಂದು ಖಡಕ್ ರೊಟ್ಟಿ ತಂದರು. ಅಂಗಳದಲ್ಲಿ ನಿಂತು ಮುರಿದರು— ಪಟ್.

ಹಿತ್ತಲಿನ ಹೊಟ್ಟಿನ ಕೋಣೆಯಿಂದ ಸಣ್ಣ ನರಳಿಕೆ ಕೇಳಿಸಿತು. ಬಾಗಿಲಿಗೆ ಬೀಗ. ಕೀಲಿ ಹಾಲೇಶನ ಉಡದಾರದಲ್ಲಿತ್ತು.

"ಚೂರು ಒಂದೂ ತಿಂದಿಲ್ಲ," ಎಂದರು ಕುಲಸುಮಬಿ. "ಈ ಸಪ್ಪಳಕ್ಕ ಆ ನಾಯಿ ಹೆದರಿ ಜೀವಾ ಬಿಡತೈತಿ. ಬೇಲಿ ಆಚಿ ವೀರವ್ವಗ ಇದು ಗೊತ್ತು. ಅದರ ಕೂಡ ಒಂದ ಮನ್ಯಾಗ ಇರೋ ಇವಂಗ ಗೊತ್ತಿಲ್ಲ. ನಾಯೀನ ಮೊದ್ಲ ಕೂಡಿಹಾಕಿ, ಆಮ್ಯಾಲೆ ನಮ್ಮ ಕಣ್ಣಿಗೆ ಚೂರು ಚೆಲ್ಯಾನ."

"ಯಾಕೋ?" ಎಂದೆ.

"ಇದು ಕಳದ್ರ ನೀವು ಇನ್ನೊಂದು ಕೊಡೂದಿಲ್ಲಲ್ಲ. ಈ ನಾಯಿಗೊಳು ಬರಾಕ ಹತ್ತಿ ಮೂರು ವರ್ಷಾತು, ನನ್ನ ಮನ್ಯಾಗ ನಾ ಜೋರಾಗಿ ಕೆಮ್ಮಂಗಿಲ್ಲ."

ನನ್ನ ನಿಯಮವನ್ನೇ ಹಿಡಿದು ಹೊಂಚು ಹಾಕಿದ್ದ. ನಾಚಿಕೆಯಾಯಿತು ನನಗೆ.

ಹೇಮಾ ಕೈ ಚಾಚಿ ಕೀಲಿ ಇಸಿದುಕೊಂಡಳು. ಬಾಗಿಲು ತೆರೆದಳು, ಒಳಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಾಯಿಗೆ ಬೆನ್ನು ಮಾಡಿ ಕೂತು ಗಂಡನ ಮುಖವನ್ನೇ ನೋಡಿದಳು. ವೀರವ್ವ ಬೈಯುತ್ತಲೇ ನೆನೆಸಿದ ರೊಟ್ಟಿಯ ಬಟ್ಟಲನ್ನು ಬೇಲಿ ದಾಟಿಸಿದಳು.

"ಹೇಮಾ, ಏಳು," ಎಂದ ಹಾಲೇಶ.

"ಮೆಲ್ಲಕ ಮಾತಾಡ್ರಿ, ಅದು ಹೆದರತೈತಿ." ಗಂಡನಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು: "ಸುನಿತಕ್ಕ, ಮುಂದಿನ ನಾಯೀನ ಇಲ್ಲಿಗೆ ತರಬ್ಯಾಡ್ರಿ. ಹಾನಗಲ್ಲಿಗೆ ತರ್ರಿ, ನಮ್ಮವ್ವನ ಮನಿಗೆ."