ಮುಖ ಮೊದಲು ಬೀಳಬೇಕು

ಧಬ್. ಹಾಲ್‌ನಲ್ಲಿ ಹಾಸಿದ ಹಾಸಿಗೆಯ ಮೇಲೆ ಮಹಿಮಾ ಮತ್ತೆ ಬಿದ್ದಳು.

"ಸಾಕ ಮಾಡ ಯವ್ವಾ," ಎಂದರು ಗದಗಿನಿಂದ ಬಂದಿದ್ದ ಅಜ್ಜಿ ಅನ್ನಪೂರ್ಣವ್ವ. "ಕೆಳಗಿನ ಮನಿಯವ್ರು ಜಗಳಕ್ಕ ಬರ್ತಾರ ನೋಡ."

"ಪ್ರ್ಯಾಕ್ಟೀಸ್ ಅಜ್ಜಿ. ಕನ್ನಡ ಕ್ಲಾಸ್ ಡ್ರಾಮಾದಲ್ಲಿ ನಾನು ಜಿಂಕೆ. ಬಾಣ ತಾಗಿ ಬೀಳ್ಬೇಕು."

ಅಜ್ಜಿಯ ಬಾಯಿಗೆ ಸಕ್ಕರೆ ಹಾಕಬೇಕು. ಅಷ್ಟರಲ್ಲೇ ಬೆಲ್ ಆಯಿತು.

ಬಾಗಿಲಲ್ಲಿ ಕೆಳಗಿನ ಮನೆಯ ಮಿಂಟ್ ಅಂಕಲ್ ನಿಂತಿದ್ದರು. ಬರ್ಮಾದವರು, ಎಪ್ಪತ್ತು ದಾಟಿದವರು, ಮಗಳ ಜೊತೆ ಇರುವವರು. ಪೂರ್ತಿ ಹೆಸರು ಥಾನ್ ಮಿಂಟ್. ಪರದೇಶದ ಟೋವಾ ಪಾಯೋ ಬಡಾವಣೆಯ ಆ ಬ್ಲಾಕಿನ ಮಕ್ಕಳಿಗೆ ಪೆಪ್ಪರ್‌ಮಿಂಟ್ ನೆನಪಾಗಿ, ಬರೀ ಮಿಂಟ್ ಅಂಕಲ್ ಎಂದೇ ರೂಢಿಯಾಗಿತ್ತು. ಅವರು ಮಾತಾಡುವುದು ಇಂಗ್ಲಿಷಿನಲ್ಲಿ. ನಾವು ಕನ್ನಡದಲ್ಲೇ ಕೇಳಿಸಿಕೊಳ್ಳೋಣ, ಏನಂತೆ?

"ಸಾರಿ ಅಂಕಲ್," ಎಂದಳು ಮಹಿಮಾ.

"ಬೀಳೋದಕ್ಕೆ ಬೇಜಾರಿಲ್ಲ. ಆದ್ರೆ ನೀನು ತಪ್ಪಾಗಿ ಬೀಳ್ತಿದ್ದೀಯ. ಕೆಳಗಿಂದ್ಲೇ ಗೊತ್ತಾಗುತ್ತೆ, ಒಂದೇ ಸಲ ಧಬ್ ಅನ್ನುತ್ತೆ." ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು. "ಮೊಣಕಾಲು, ಆಮೇಲೆ ಸೊಂಟ, ಆಮೇಲೆ ಭುಜ. ಎಲ್ಲಕ್ಕಿಂತ ಮೊದಲು ಮುಖ ಬೀಳಬೇಕು."

"ಮುಖ ಬಿದ್ರೆ ಹಲ್ಲು ಹೋಗಲ್ವಾ?"

"ನೆಲಕ್ಕಲ್ಲ. ನೋವು ಮೊದಲು ಮುಖದಲ್ಲಿ ಕಾಣ್ಬೇಕು. ಜನ ನೋಡೋದು ಮುಖ. ಕಾಲನ್ನ ಯಾರೂ ನೋಡಲ್ಲ."

ಅವರು ಕಣ್ಣು ಕಿವುಚಿ, ಬಾಯಿ ತೆರೆದು, ಗೋಡೆ ಹಿಡಿದುಕೊಂಡರು. ಅಜ್ಜಿ ಗಾಬರಿಯಾಗಿ ನೀರು ತರಲು ಎದ್ದೇಬಿಟ್ಟರು. ಮಿಂಟ್ ಅಂಕಲ್ ನಕ್ಕರು.

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಸಿನಿಮಾದಲ್ಲಿ ಹೀರೋ ಆಗಿದ್ದೆ. ಬಿದ್ದು ಬಿದ್ದೇ ಹೆಸರು ಬಂತು. ಅದಕ್ಕೂ ಮುಂಚೆ ಫುಟ್‌ಬಾಲ್. ನಮ್ಮ ದೇಶದ ಟೀಮಲ್ಲಿದ್ದೆ. ಇಲ್ಲೇ ಕಲ್ಲಾಂಗ್‌ನ ಹಳೇ ಸ್ಟೇಡಿಯಮ್ಮಲ್ಲೂ ಆಡಿದ್ದೀನಿ."

ಮಹಿಮಾ ಅದನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿದಳು. ಅಜ್ಜಿ ತಲೆದೂಗಿದರು. "ಅಂದ್ರ ಆಟ ಬಿಟ್ಟು ಆಟಕ್ಕ ಹೋದ್ರು ಅನ್ನು. ನಮ್ಮ ಕಡೆ ಚೆಂಡಿಂದೂ ಆಟನ, ಬಣ್ಣ ಹಚ್ಚಿ ಕುಣಿಯೋದೂ ಆಟನ."

ಎರಡು ಆಟವೂ ಒಂದಕ್ಕೊಂದು ಸೇರಿಕೊಂಡರೆ ಏನಾಗುತ್ತದೆ ಎಂದು ಆಗ ಯಾರಿಗೆ ಗೊತ್ತಿತ್ತು?

ಭಾನುವಾರ ಸಂಜೆ ಬ್ಲಾಕಿನ ಹಿಂದಿನ ಕೋರ್ಟಿನಲ್ಲಿ ಫುಟ್‌ಬಾಲ್ ಮ್ಯಾಚ್. ಮಹಿಮಾಳ ಬ್ಲಾಕಿಗೂ ಎದುರು ಬ್ಲಾಕಿಗೂ. ಎದುರು ಬ್ಲಾಕಿನ ಡಿಫೆಂಡರ್ ರಿಯಾ, ಮಹಿಮಾಳ ಪ್ರಾಣಸ್ನೇಹಿತೆ. ಸ್ಕೂಲಿನಲ್ಲಿ ಒಂದೇ ಬೆಂಚು, ಕೋರ್ಟಿನಲ್ಲಿ ಹಾವು ಮುಂಗುಸಿ. ಕಾಲೇಜಿಗೆ ಹೋಗುವ ಅವಿನಾಶ್ ಅಣ್ಣ ರೆಫ್ರಿ.

ಒಂದು ಒಂದು ಆಗಿತ್ತು. ಕತ್ತಲಾಗುತ್ತ ಬಂತು. ಮಹಿಮಾ ಚೆಂಡು ತಳ್ಳಿಕೊಂಡು ಗೋಲಿನ ಹತ್ತಿರ ಓಡಿದಳು. ರಿಯಾ ಪಕ್ಕದಲ್ಲೇ ಓಡಿಬಂದಳು. ಚೆಂಡು ಮಹಿಮಾಳ ಕಾಲಿನಿಂದ ಜಾರಿ ದೂರ ಹೋಯಿತು.

ಮೊದಲು ಮುಖ. ಆಮೇಲೆ ಮೊಣಕಾಲು, ಸೊಂಟ, ಭುಜ.

ವಿಸಿಲ್ ಕೇಳಿಸಿತು. "ಪೆನಾಲ್ಟಿ," ಎಂದ ಅವಿನಾಶ್ ಅಣ್ಣ.

"ನಾನು ಟಚ್ಚೇ ಮಾಡ್ಲಿಲ್ಲ ಲಾ," ಎಂದಳು ರಿಯಾ.

"ಅವಳ ಮುಖ ನೋಡು, ಎಷ್ಟು ನೋವಾಗಿದೆ. ಇಷ್ಟು ಜೋರಾಗಿ ಒದ್ದು ಸುಳ್ಳು ಬೇರೆ ಹೇಳ್ತೀಯಾ? ಈ ತಿಂಗಳು ನೀನು ಆಡೋ ಹಾಗಿಲ್ಲ."

ವಿಹಾನ್ ಪೆನಾಲ್ಟಿಯನ್ನು ಗೋಲ್ ಮಾಡಿದ. ಮಹಿಮಾಳ ಟೀಮ್ ಕುಣಿಯಿತು. ರಿಯಾ ಅಳಲಿಲ್ಲ, ಜಗಳವಾಡಲಿಲ್ಲ. ಮಹಿಮಾಳನ್ನೇ ಒಂದು ಸಲ ನೋಡಿ, ನೀರಿನ ಬಾಟಲಿ ಎತ್ತಿಕೊಂಡು ಹೊರಟುಹೋದಳು.

ಬ್ಲಾಕಿನ ಕೆಳಗೆ, ವಾಯ್ಡ್ ಡೆಕ್ ಎನ್ನುವ ತೆರೆದ ಜಗಲಿಯಲ್ಲಿ, ಕೋರ್ಟು ಕಾಣುವ ಕಲ್ಲುಬೆಂಚಿನ ಮೇಲೆ ಮಿಂಟ್ ಅಂಕಲ್ ಕೂತಿದ್ದರು.

"ಚೆನ್ನಾಗಿ ಬಿದ್ದೆ," ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಮಹಿಮಾ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡಳು. ಅಲ್ಲಿ ಒಂದು ಗೀರೂ ಇರಲಿಲ್ಲ.

"ಟೀವೀಲಿ ದೊಡ್ಡ ಪ್ಲೇಯರ್ಸೂ ಹಾಗೇ ಬೀಳ್ತಾರೆ ಅಂಕಲ್."

ಅವರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ನನ್ನ ಮೊದಲ ಸಿನಿಮಾದಲ್ಲಿ ನಾನು ಫುಟ್‌ಬಾಲ್ ಪ್ಲೇಯರೇ. ಕಾಲು ಮುರಿದು ಬೀಳೋ ಸೀನು. ಊರಿಗೆ ಊರೇ ಅತ್ತಿತ್ತು. ಆಗ ಆಟ ಇನ್ನೂ ಬಿಟ್ಟಿರಲಿಲ್ಲ. ಮುಂದಿನ ಮ್ಯಾಚಲ್ಲಿ ನಿಜವಾಗಿ ಕಾಲು ಮುರೀತು."

"ಅಯ್ಯೋ."

"ಅಯ್ಯೋ ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ. ಇಡೀ ಸ್ಟೇಡಿಯಂ ನಕ್ಕು ಚಪ್ಪಾಳೆ ತಟ್ಟಿತು. ಸಾಕು ಏಳಪ್ಪ ಹೀರೋ, ಅಂದ ರೆಫ್ರಿ. ನನಗೆ ಒದ್ದಿದ್ದ ಹುಡುಗ ಒಬ್ಬ ಮಾತ್ರ ನಗಲಿಲ್ಲ. ರೆಫ್ರಿ ಹತ್ರ ಹೋಗಿ, ನಾನು ಒದ್ದೆ, ಇದು ನಿಜ, ಅಂದ. ಅವನನ್ನ ಔಟ್ ಮಾಡಿದ್ರು. ನನಗೆ ಸ್ಟ್ರೆಚರ್ ಬಂತು."

"ಅವನ್ಯಾಕೆ ಹೇಳ್ದ? ಸುಮ್ನಿದ್ದಿದ್ರೆ ಬಚಾವಾಗ್ತಿದ್ದ."

"ಅಷ್ಟು ಜನ ಇದ್ರೂ, ಏನಾಯ್ತು ಅಂತ ಗೊತ್ತಿದ್ದಿದ್ದು ಇಬ್ಬರಿಗೇ. ನನಗೆ, ಅವನಿಗೆ. ನಾನು ಹೇಳಿದ್ರೆ ಯಾರು ನಂಬ್ತಿದ್ರು?" ಮಿಂಟ್ ಅಂಕಲ್ ಎಡಗಾಲು ಸವರಿಕೊಂಡು ಎದ್ದರು. "ಆ ಕಾಲು ಮತ್ತೆ ಆಟಕ್ಕೆ ಬರಲಿಲ್ಲ. ಸಿನಿಮಾನೇ ಗತಿ ಆಯ್ತು."

ಮರುದಿನ ಸ್ಕೂಲಿನಲ್ಲಿ ರಿಯಾ ಬೇರೆ ಬೆಂಚಿನಲ್ಲಿ ಕೂತಳು. ಮಹಿಮಾಗೆ ಟೀಚರ್ ಹೇಳಿದ್ದು ಒಂದೂ ತಲೆಗೆ ಹೋಗಲಿಲ್ಲ. ಇಬ್ಬರಿಗೇ ಗೊತ್ತು, ಇಬ್ಬರಿಗೇ ಗೊತ್ತು, ಎಂದು ಮನಸ್ಸು ಹೇಳುತ್ತಲೇ ಇತ್ತು.

ಸಂಜೆ ಕೋರ್ಟಿಗೆ ಹೋದಾಗ ರಿಯಾ ಬೇಲಿಯ ಆಚೆ ನಿಂತು ಆಟ ನೋಡುತ್ತಿದ್ದಳು. ಮಹಿಮಾ ನೇರವಾಗಿ ಅವಿನಾಶ್ ಅಣ್ಣನ ಹತ್ತಿರ ಹೋದಳು.

"ಅಣ್ಣಾ, ನಿನ್ನೆ ರಿಯಾ ನನ್ನ ಮುಟ್ಟೇ ಇರಲಿಲ್ಲ. ನಾನೇ ಬಿದ್ದೆ."

"ಫ್ರೆಂಡ್ ಅಂತ ಅವಳನ್ನ ಸೇವ್ ಮಾಡ್ತಿದೀಯ ಅಲ್ವಾ? ನಾನು ಕಣ್ಣಾರೆ ನೋಡಿದೀನಿ. ಹಂಗೆಲ್ಲ ಯಾರೂ ಸುಮ್‌ಸುಮ್ನೆ ಬೀಳಲ್ಲ."

ನೋಡಿ, ಎಂಥ ಫಜೀತಿ. ಸುಳ್ಳನ್ನು ಒಂದೇ ಏಟಿಗೆ ನಂಬಿದವರು ನಿಜವನ್ನು ನಂಬಲು ತಯಾರಿಲ್ಲ.

ಮಹಿಮಾ ಕೋರ್ಟಿನ ನಡುವೆ ಹೋದಳು. "ಎಲ್ಲರೂ ದೂರ ನಿಲ್ಲಿ," ಎಂದಳು. ಎಲ್ಲರೂ ಸರಿದರು. ಅವಳು ಒಬ್ಬಳೇ ಓಡಿದಳು. ಮುಖ, ಮೊಣಕಾಲು, ಸೊಂಟ, ಭುಜ. ನಿನ್ನೆ ಬಿದ್ದ ಹಾಗೆಯೇ ಬಿದ್ದಳು.

ಅವಿನಾಶ್ ಅಣ್ಣ ವಿಸಿಲ್ ಹಿಡಿದುಕೊಂಡು ನಿಂತೇ ಇದ್ದ.

ಮಹಿಮಾ ಏಳಲು ಹೋದಳು, ಆಗಲಿಲ್ಲ. ಈ ಸಲ ಲೆಕ್ಕ ತಪ್ಪಿ ಮೊಣಕಾಲು ನೆಲಕ್ಕೆ ಉಜ್ಜಿಹೋಗಿತ್ತು. "ಆಹ್," ಎಂದಳು.

"ಇನ್ನೂ ಆಕ್ಟಿಂಗ್ ಮುಗಿದಿಲ್ಲ ಲಾ," ಎಂದ ವಿಹಾನ್. ಎಲ್ಲರೂ ನಕ್ಕರು. ಅವಿನಾಶ್ ಅಣ್ಣನೂ ನಕ್ಕ.

ಮಹಿಮಾ ಮೊಣಕಾಲು ಹಿಡಿದುಕೊಂಡಳು. ಹೇಳಿದರೂ ಯಾರು ನಂಬುತ್ತಾರೆ?

ಬೇಲಿಯ ಬಾಗಿಲು ತೆರೆದ ಸದ್ದಾಯಿತು. ರಿಯಾ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಳು. ಮಹಿಮಾಳ ಮುಖವನ್ನು ಅವಳು ನೋಡಲೇ ಇಲ್ಲ. ಕಾಲನ್ನೇ ನೋಡಿದಳು.

"ನಗಬೇಡಿ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಇದು ನಿಜ."

ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು. ಯಾರೂ ನೋಡುವುದು ಬೇಡ ಎಂದು ಮಹಿಮಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ರಿಯಾ ತನ್ನ ಬಾಟಲಿಯ ನೀರನ್ನು ನಿಧಾನವಾಗಿ ಅವಳ ಮೊಣಕಾಲಿನ ಮೇಲೆ ಸುರಿದಳು.