ಎದುರು ದಿಕ್ಕಿನ ಟ್ರೈನು

ಪುರಂದರನ ಮನೆ ಸ್ಟ್ರಾಟ್‌ಫರ್ಡ್‌ನಲ್ಲಿದೆ ಎಂದು ಮೈತ್ರೇಯಿಗೆ ಗೊತ್ತಾದದ್ದು ಸಹೋದ್ಯೋಗಿ ವಿಶಾಲನ ಬಾಯಿಂದ. ಅದೂ ಕ್ಯಾಂಟೀನಿನಲ್ಲಿ, ಎಲ್ಲರ ಎದುರಿಗೆ.

ಅವಳು ಚಮಚ ಕೆಳಗಿಟ್ಟಳು. ಸ್ಟ್ರಾಟ್‌ಫರ್ಡ್ ಲಂಡನ್ನಿನ ಪೂರ್ವಕ್ಕೆ. ಅವಳ ಬಾಡಿಗೆ ರೂಮಿರುವ ಗ್ರೀನ್‌ಫರ್ಡ್ ಪಶ್ಚಿಮಕ್ಕೆ. 2003ರ ಆ ಚಳಿಗಾಲವಿಡೀ ಈ ಮನುಷ್ಯ ಆಫೀಸು ಮುಗಿಸಿ ಅವಳ ಜೊತೆಗೇ ಹೋಬರ್ನ್‌ನಲ್ಲಿ ಟ್ಯೂಬ್ ಟ್ರೈನು ಹತ್ತಿ, ಗ್ರೀನ್‌ಫರ್ಡ್‌ವರೆಗೂ ಹರಟೆ ಹೊಡೆದು, "ನಂದು ಇನ್ನೂ ಮುಂದೆ" ಎಂದು ಕೈಬೀಸುತ್ತಿದ್ದ.

ಸಂಜೆ ಪ್ಲಾಟ್‌ಫಾರ್ಮಿನಲ್ಲಿ ಕೇಳಿಯೇಬಿಟ್ಟಳು. "ನಿಮ್ಮ ಮನೆ ಎಲ್ಲಿ ಅಂದ್ರಿ?"

"ಇನ್ನೂ ಮುಂದೆ."

"ಎಷ್ಟು ಮುಂದೆ? ಭೂಮಿ ಸುತ್ತಿ ಸ್ಟ್ರಾಟ್‌ಫರ್ಡ್‌ಗೆ ಹೋಗ್ತೀರಾ?"

ಉಡುಪಿಯ ಹುಡುಗ ಪುರಂದರನ ಕಿವಿ ಕೆಂಪಾಯಿತು. "ಟ್ರೈನಲ್ಲಿ ಬೆಚ್ಚಗಿರ್ತದೆ ಮಾರಾಯ್ರೆ. ನನ್ನ ರೂಮಲ್ಲಿ ಹೀಟರ್ ಕೆಟ್ಟಿದೆ."

ಅವಳು ನಕ್ಕಳು. ಇಬ್ಬರೂ ಎಂದಿನ ಟ್ರೈನು ಹತ್ತಿ ಪಕ್ಕಪಕ್ಕ ಕೂತರು. ಅವಳ ಶಾಲು ಅವನ ತೋಳಿಗೆ ತಾಗಿದಾಗ ಅವಳು ಅದನ್ನು ಎಳೆದುಕೊಳ್ಳಲಿಲ್ಲ.

ಇಬ್ಬರನ್ನೂ ಲಂಡನ್ನಿಗೆ ವರ್ಗ ಮಾಡಿದ್ದು ಒಂದೇ ಬೆಂಗಳೂರು ಕಂಪನಿ. ವೀಸಾ ಅದರ ಕೈಯಲ್ಲಿ. ಬೇರೆ ಕಡೆ ಕೆಲಸ ಹುಡುಕುವ ಹಾಗಿಲ್ಲ; ಕಂಪನಿ ಸಾಕು ಅಂದ ದಿನ ಪೆಟ್ಟಿಗೆ ಕಟ್ಟಬೇಕು. ವೀಸಾ ಮುಗಿಯುತ್ತ ಬಂದಾಗ ಮ್ಯಾನೇಜರ್ ಉಮಾಶಂಕರ ಅವಳನ್ನು ಕ್ಯಾಬಿನ್ನಿಗೆ ಕರೆದರು.

"ನೋಡಮ್ಮ, ಇಬ್ಬರಲ್ಲಿ ಒಬ್ಬರ ವೀಸಾ ಮಾತ್ರ ಮುಂದುವರಿಯುತ್ತೆ. ಪುರಂದರನ ಹೆಸರು ಕಳಿಸ್ತೀನಿ. ಹೇಗೂ ಮದುವೆ ಆಗ್ತೀರಲ್ಲ, ಗಂಡ-ಹೆಂಡತಿಗೆ ಕೊಡೋ ಡಿಪೆಂಡೆಂಟ್ ವೀಸಾದಲ್ಲಿ ಅವನ ಹಿಂದೆ ಬಂದುಬಿಡು. ಆರಾಮಾಗಿರು."

"ಮದುವೆನಾ? ಯಾರು ಹೇಳಿದ್ದು?"

"ಇಡೀ ಆಫೀಸೇ ಹೇಳ್ತಿದೆ."

ಅವಳ ಮೈಯೆಲ್ಲ ಉರಿಯಿತು. "ಇಡೀ ಆಫೀಸು ನನ್ನನ್ನ ಕೇಳಿಲ್ಲ ಸರ್. ಕ್ಲೈಂಟ್ ಯಾರು ಬೇಕು ಅಂದಿದಾರೆ?"

ಉಮಾಶಂಕರ ಪೆನ್ನು ತಿರುಗಿಸಿದರು. "ನೀನೇ ಬೇಕಂತೆ. ಆದ್ರೆ ಗಂಡಸನ್ನ ವಾಪಸ್ ಕಳಿಸಿ..."

"ಕೆಲಸ ನೋಡಿ ಹೆಸರು ಕಳಿಸಿ. ಆಗಲ್ಲ ಅಂದ್ರೆ ಬೆಂಗಳೂರಿಗೆ ಹೋಗ್ತೀನಿ. ಯಾರ ಹಿಂದೆನೂ ಬರಲ್ಲ."

ಬಾಗಿಲು ತೆಗೆದರೆ ಎದುರಿಗೇ ಪುರಂದರ. ಎಲ್ಲ ಕೇಳಿಸಿಕೊಂಡಿದ್ದ. ಅವಳ ಮುಖ ನೋಡಿ ದೃಷ್ಟಿ ತಪ್ಪಿಸಿದ. ಇವನಿಗೂ ಇದೇ ಬೇಕಿತ್ತೇನೋ ಎಂದು ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ಅವನು ನೇರ ಒಳಗೆ ನಡೆದ.

"ಸರ್, ನನ್ನ ಹೆಸರು ಬೇಡ. ಮೈತ್ರೇಯಿಯವರದ್ದೇ ಕಳಿಸಿ."

"ನೀನು?"

"ಅವರು ಮದುವೆಗೆ ಒಪ್ಪಿದ್ರೆ ನಾನೇ ಅವರ ಡಿಪೆಂಡೆಂಟ್ ಆಗಿ ಬರ್ತೇನೆ. ಆ ವೀಸಾದಲ್ಲಿ ಯಾವ ಕಂಪನಿಯಲ್ಲಾದ್ರೂ ದುಡೀಬಹುದು, ನಿಮ್ಮ ಅಪ್ಪಣೆ ಬೇಡ. ಒಪ್ಪದಿದ್ರೆ ಉಡುಪಿ ಬಸ್ಸು ಹತ್ತುತ್ತೇನೆ."

"ಜನ ನಗ್ತಾರೋ!"

"ನಗ್ಲಿ ಸರ್. ವಿಶಾಲ ಆಗ್ಲೇ ಶುರು ಮಾಡಿದಾನೆ."

ಹೊರಗೆ ವಿಶಾಲ ಬಾಯಿಗೆ ಕೈ ಅಡ್ಡ ಹಿಡಿದಿದ್ದ. ಮೈತ್ರೇಯಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತು, ಅದಕ್ಕೂ ಅವಳಿಗೆ ಸಿಟ್ಟು.

ಉಮಾಶಂಕರ ಗೊಣಗುತ್ತಲೇ ಅವಳ ಹೆಸರು ಕಳಿಸಿದರು.

ಸಂಜೆ ಹೋಬರ್ನ್ ಪ್ಲಾಟ್‌ಫಾರ್ಮಿನಲ್ಲಿ ಅವಳು ಅವನ ಕಡೆ ತಿರುಗಿದಳು. "ನನ್ನನ್ನ ಕೇಳೋದು ಬಿಟ್ಟು ಮ್ಯಾನೇಜರ್ ಹತ್ರ ಹೇಳ್ತೀರಲ್ಲ, ಅವರನ್ನೇ ಮದುವೆ ಆಗ್ತೀರಾ?"

"ಅವರು ಒಪ್ಪಲಿಕ್ಕಿಲ್ಲ."

"ತಮಾಷೆ ಬೇಡ. ಹೆಂಡತಿ ವೀಸಾದಲ್ಲಿ ಬದುಕ್ತೀನಿ ಅಂತ ನಿಮ್ಮಮ್ಮನಿಗೆ ಹೇಳೋ ಧೈರ್ಯ ಇದ್ಯಾ?"

"ಉಂಟು. ಅಮ್ಮನಿಗೂ ಹೇಳ್ತೇನೆ, ಕೇಳಿದವರಿಗೆಲ್ಲ ಹೇಳ್ತೇನೆ." ಅವನ ದನಿಯಲ್ಲಿ ಈಗ ನಗೆಯಿರಲಿಲ್ಲ. "ಮೈತ್ರೇಯಿ, ವೀಸಾಕ್ಕಾಗಿ ಕೇಳ್ತಿಲ್ಲ. ಈ ಟ್ರೈನಲ್ಲಿ ದಿನಾ ಕೇಳ್ಬೇಕು ಅಂತಿದ್ದೆ, ಅಷ್ಟರಲ್ಲಿ ಗ್ರೀನ್‌ಫರ್ಡ್ ಬಂದುಬಿಡ್ತಿತ್ತು."

ಪಶ್ಚಿಮದ ಟ್ರೈನು ಬಂತು. ಅವನು ಎಂದಿನಂತೆ ಹತ್ತಿ, ಅವಳಿಗೆ ಜಾಗ ಬಿಟ್ಟು ನಿಂತ. ಅವಳು ಹತ್ತಲಿಲ್ಲ. ಶಾಲು ಹೆಗಲಿಗೆಸೆದು ಎದುರು ದಿಕ್ಕಿನ ಪ್ಲಾಟ್‌ಫಾರ್ಮಿನತ್ತ ನಡೆದೇಬಿಟ್ಟಳು.

ಮುಚ್ಚುತ್ತಿದ್ದ ಬಾಗಿಲಿನಿಂದ ಅವನು ಹಾರಿ ಇಳಿದ. "ಎಲ್ಲಿಗೆ? ಆ ಕಡೆ ಸ್ಟ್ರಾಟ್‌ಫರ್ಡ್!"

"ಗೊತ್ತು." ಅವಳು ತಿರುಗಿ ಕೈಚಾಚಿದಳು. "ಆ ಹೀಟರ್ ರಿಪೇರಿ ಮಾಡಿಸ್ಬೇಕು. ನನ್ನ ಡಿಪೆಂಡೆಂಟ್ ಚಳಿಯಲ್ಲಿ ನಡುಗೋದು ನಂಗಿಷ್ಟ ಇಲ್ಲ."